ನಿಕಲ್: ಪ್ರಯೋಗ ವಿಜಯಪುರದಲ್ಲಿ, ಪ್ರಶ್ನೆ ಭೀಮಾ ತೀರದಲ್ಲಿ

ಅಕ್ಕಲಕೋಟ: ಸೊಲ್ಲಾಪುರದಿಂದ ವಿಜಯಪುರಕ್ಕೆ ಸುಮಾರು 100 ಕಿ.ಮೀ. ದೂರ. ದವಾಖಾನೆಗೆಂದು, ಸಂತೆಗೆಂದು, ಬೀಗರ ಮನೆಗೆಂದು ಗಡಿಭಾಗದ ಜನ ದಿನವೂ ಓಡಾಡುವ ದಾರಿ ಇದು. ಈ ದಾರಿಯ ಆ ತುದಿಯಲ್ಲಿರುವ ವೈದ್ಯಕೀಯ ಕಾಲೇಜುಗಳಲ್ಲಿ ಈ ಶತಮಾನದ ಆರಂಭದಿಂದ ಒಂದು ಲೋಹದ ಬಗ್ಗೆ ಸಂಶೋಧನೆ ನಡೆದಿದೆ. ಆ ಲೋಹದ ಹೆಸರು ನಿಕಲ್. ಪ್ರಾಣಿಯ ಯಕೃತ್ತು, ಮೂತ್ರಪಿಂಡ, ರಕ್ತ, ವೃಷಣಗಳಲ್ಲಿ ನಿಕಲ್ ಏನು ಮಾಡುತ್ತದೆ ಎಂದು ಬಿಳಿ ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದ ಈ ಕೆಲಸ ವಿದೇಶಗಳ ವಿಜ್ಞಾನ ಪತ್ರಿಕೆಗಳವರೆಗೆ ಹೋಯಿತು. ಆದರೆ ನಡುವಿನ ಹಳ್ಳಿಗಳಲ್ಲಿ ಅದರ ಮಾತು ಕೇಳಿಬಂದದ್ದು ಕಡಿಮೆ.

ಇಲಿಯ ಮೇಲಿನ ಪ್ರಯೋಗಕ್ಕೂ ಅಕ್ಕಲಕೋಟ ತಾಲೂಕಿನ ರೈತನಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧವಿದೆ. ಆದರೆ ಅದು ಗಾಬರಿ ಪಡುವ ಸಂಬಂಧವಲ್ಲ, ಲೆಕ್ಕ ಕೇಳುವ ಸಂಬಂಧ. ಯಾವ ಲೆಕ್ಕ, ಯಾರನ್ನು ಕೇಳಬೇಕು ಎಂಬುದನ್ನು ತಿಳಿಯಲು ಮೊದಲು ಪ್ರಯೋಗವನ್ನೇ ನೋಡಬೇಕು.

ನಿಕಲ್ ಎಲ್ಲೆಲ್ಲಿದೆ?

ನಿಕಲ್ ಹೊಸ ವಸ್ತುವೇನಲ್ಲ. ಅಡುಗೆಮನೆಯ ಒಳ್ಳೆಯ ದರ್ಜೆಯ ಸ್ಟೀಲ್ ಪಾತ್ರೆಯಲ್ಲಿ ನೂರಕ್ಕೆ ಸುಮಾರು 8 ಪಾಲು ನಿಕಲ್ ಇರುತ್ತದೆ. ಸೈಕಲ್, ಮೋಟಾರ್ ಸೈಕಲ್‌ಗಳ ಹೊಳೆಯುವ ಭಾಗಗಳಿಗೆ ಲೇಪನ ಕೊಡಲು, ಬ್ಯಾಟರಿ ತಯಾರಿಸಲು ಇದು ಬೇಕು. ವನಸ್ಪತಿ ತುಪ್ಪ ತಯಾರಿಸುವಾಗ ಎಣ್ಣೆಯನ್ನು ಗಟ್ಟಿ ಮಾಡಲು ನಿಕಲ್ ಪುಡಿಯನ್ನೇ ಬಳಸುತ್ತಾರೆ. ಅದಕ್ಕಾಗಿಯೇ ವನಸ್ಪತಿಯಲ್ಲಿ ನಿಕಲ್ 1.5 ಪಿಪಿಎಂ ಮೀರಬಾರದೆಂಬ ನಿಯಮ ಭಾರತದ ಆಹಾರ ಕಾನೂನಿನಲ್ಲಿದೆ. ತಂಬಾಕಿನ ಎಲೆಯಲ್ಲಿಯೂ ನಿಕಲ್ ಇದೆ. ಬೀಡಿ, ಸಿಗರೇಟಿನ ಹೊಗೆಯೊಂದಿಗೆ ಅದರ ಅಂಶ ಶ್ವಾಸಕೋಶಕ್ಕೆ ಹೋಗುತ್ತದೆ. ಬೀಡಿ ಕಟ್ಟುವ ಸಾವಿರಾರು ಹೆಣ್ಣುಮಕ್ಕಳಿರುವ ಸೊಲ್ಲಾಪುರಕ್ಕೆ ಇದು ದೂರದ ಮಾತಲ್ಲ.

ನೆಲದಲ್ಲಿಯೂ ನಿಕಲ್ ಇದೆ. ಸೊಲ್ಲಾಪುರ ಜಿಲ್ಲೆಯ ಎರೆಮಣ್ಣು ಹುಟ್ಟಿದ್ದು ದಖ್ಖನ್‌ನ ಕಪ್ಪು ಬಸಾಲ್ಟ್ ಕಲ್ಲಿನಿಂದ. ಗ್ರಾನೈಟ್ ಕಲ್ಲಿಗೆ ಹೋಲಿಸಿದರೆ ಬಸಾಲ್ಟ್‌ನಲ್ಲಿ ನಿಕಲ್ ಹೆಚ್ಚು. ಸಮಾಧಾನದ ಸಂಗತಿ ಎಂದರೆ, ಎರೆಮಣ್ಣು ಕ್ಷಾರ ಗುಣದ್ದು. ಅದು ನಿಕಲ್ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೆಳೆಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಹೊಲದ ಮಣ್ಣಿಗೆ ಅಂಜುವ ಕಾರಣವಿಲ್ಲ. ನೀರಿನಲ್ಲಿ ಕರಗಿ ಬರುವ ನಿಕಲ್ ಹಾಗೂ ಉಸಿರಿನಲ್ಲಿ ಹೋಗುವ ನಿಕಲ್, ಈ ಎರಡರ ಬಗ್ಗೆ ಎಚ್ಚರ ಬೇಕು. ನಿಕಲ್ ಸಂಯುಕ್ತಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿಯೇ ವರ್ಗೀಕರಿಸಿತು. ಅದಕ್ಕೆ ಆಧಾರವಾದದ್ದು ನಿಕಲ್ ಶುದ್ಧೀಕರಣ ಕಾರ್ಖಾನೆಗಳಲ್ಲಿ ಧೂಳು ಕುಡಿದ ಕಾರ್ಮಿಕರ ಅನುಭವ.

ಕಮಟು ಹಿಡಿದ ಎಣ್ಣೆ

ವಿಜಯಪುರದ ಪ್ರಯೋಗಗಳ ಕೇಂದ್ರದಲ್ಲಿರುವ ಮಾತು 'ಆಕ್ಸಿಡೇಟಿವ್ ಸ್ಟ್ರೆಸ್', ಅಂದರೆ ಉತ್ಕರ್ಷಣ ಒತ್ತಡ. ಶಬ್ದ ಕಠಿಣ, ಸಂಗತಿ ಸರಳ. ಗಾಣದ ಶೇಂಗಾ ಎಣ್ಣೆಯನ್ನು ಬಹಳ ದಿನ ತೆರೆದಿಟ್ಟರೆ ಕಮಟು ವಾಸನೆ ಬರುತ್ತದೆ. ಗಾಳಿಯಲ್ಲಿನ ಆಮ್ಲಜನಕ ಎಣ್ಣೆಯ ಕೊಬ್ಬನ್ನು ಕೆಡಿಸಿದ್ದರ ಗುರುತು ಅದು. ಪ್ರಾಣಿಯ ದೇಹದ ಪ್ರತಿಯೊಂದು ಜೀವಕೋಶದ ಹೊದಿಕೆಯೂ ಕೊಬ್ಬಿನದೇ. ಉಸಿರಾಟದ ಆಮ್ಲಜನಕದಿಂದ ದೇಹ ಶಕ್ತಿ ಪಡೆಯುವಾಗ ಕೆಲವು ಉಗ್ರ ಕಣಗಳು ಹುಟ್ಟುತ್ತವೆ. ಅವು ಈ ಹೊದಿಕೆಯನ್ನು ಕಮಟು ಹಿಡಿಸಬಲ್ಲವು.

ಇದನ್ನು ತಡೆಯಲು ದೇಹದಲ್ಲಿ ಕಾವಲುಗಾರರಿದ್ದಾರೆ. ಗ್ಲುಟಾಥಿಯೋನ್ ಎಂಬ ವಸ್ತು, ಕ್ಯಾಟಲೇಸ್ ಮತ್ತು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವಗಳು, ವಿಟಮಿನ್ ಸಿ, ವಿಟಮಿನ್ ಇ ಇವೆಲ್ಲ ಸೇರಿ ಉಗ್ರ ಕಣಗಳನ್ನು ತಣ್ಣಗೆ ಮಾಡುತ್ತವೆ. ಕಾವಲಿಗಿಂತ ದಾಳಿ ಹೆಚ್ಚಾದರೆ ಅದೇ ಉತ್ಕರ್ಷಣ ಒತ್ತಡ. ನಿಕಲ್‌ನ ಹಾನಿ ಬಹುಪಾಲು ಇಲ್ಲಿಯೇ ನಡೆಯುತ್ತದೆ. ಅದು ಗ್ಲುಟಾಥಿಯೋನ್ ದಾಸ್ತಾನನ್ನು ಬರಿದು ಮಾಡುತ್ತದೆ, ಕಾವಲು ಕಿಣ್ವಗಳ ಕೈ ಕಟ್ಟುತ್ತದೆ. ಇನ್ನೊಂದು ಮೋಸವನ್ನೂ ಮಾಡುತ್ತದೆ: ಜೀವಕೋಶದಲ್ಲಿ ಆಮ್ಲಜನಕವನ್ನು ಅಳೆಯುವ ಕಿಣ್ವಗಳಲ್ಲಿ ಕಬ್ಬಿಣ ಕೂಡಬೇಕಾದ ಜಾಗದಲ್ಲಿ ತಾನೇ ಹೋಗಿ ಕೂಡುತ್ತದೆ. ಆಗ ಸಾಕಷ್ಟು ಆಮ್ಲಜನಕ ಇದ್ದರೂ ಇಲ್ಲವೆಂದು ಜೀವಕೋಶ ತಪ್ಪು ತಿಳಿಯುತ್ತದೆ.

ಇಲಿಗಳಲ್ಲಿ ಕಂಡದ್ದೇನು?

ವಿಜಯಪುರದ ಅಲ್-ಅಮೀನ್ ವೈದ್ಯಕೀಯ ಕಾಲೇಜಿನಲ್ಲಿ, ಊರಿನ ಹೆಸರು ಇನ್ನೂ ಬಿಜಾಪುರ ಇದ್ದ ಕಾಲದಲ್ಲಿ, ಶರೀರಕ್ರಿಯಾ ವಿಜ್ಞಾನಿ ಕುಸಲ್ ಕೆ. ದಾಸ್ ಮತ್ತು ಸಂಗಡಿಗರು ಈ ಕೆಲಸ ನಡೆಸಿದರು. ಸ್ವಸ್ತಿಕಾ ದಾಸ್, ಎಸ್.ಎ. ಧುಂಡಸಿ ಮುಂತಾದವರು ಜೊತೆಗಿದ್ದರು. ಮುಂದೆ ದಾಸ್ ಅವರ ಸಂಶೋಧನೆ ಅದೇ ಊರಿನ ಬಿಎಲ್‌ಡಿಇ ವಿಶ್ವವಿದ್ಯಾಲಯದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಮುಂದುವರಿಯಿತು.

2002ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ ಹಳ್ಳಿಯ ಬದುಕಿಗೆ ಹತ್ತಿರವಾದ ಪ್ರಶ್ನೆ ಕೇಳಿತು: ಆಹಾರದಲ್ಲಿ ಪ್ರೋಟೀನ್ ಕೊರತೆ ಇರುವಾಗ ನಿಕಲ್ ಕೂಡ ಬಂದರೆ ಏನಾಗುತ್ತದೆ? ಗಂಡು ಇಲಿಗಳಲ್ಲಿ ಪುರುಷ ಹಾರ್ಮೋನ್ ತಯಾರಿಸುವ ಕಿಣ್ವಗಳು ನಿಕಲ್‌ನಿಂದ ಕುಂದಿದ್ದು ಕಂಡುಬಂತು. 2006 ಮತ್ತು 2007ರಲ್ಲಿ ಬಂದ ಅಧ್ಯಯನಗಳಲ್ಲಿ ನಿಕಲ್ ಸಲ್ಫೇಟ್ ಕೊಟ್ಟ ಇಲಿಗಳ ರಕ್ತದ ಕೊಬ್ಬು, ಯಕೃತ್ತು ಮತ್ತು ಕೆಂಪು ರಕ್ತಕಣಗಳ ಕಾವಲು ವ್ಯವಸ್ಥೆಯನ್ನು ಪರೀಕ್ಷಿಸಲಾಯಿತು. ನಿಕಲ್ ಜೊತೆಗೆ ವಿಟಮಿನ್ ಸಿ ಕೊಟ್ಟ ಇಲಿಗಳಲ್ಲಿ ಹಾನಿ ಕಡಿಮೆಯಾಗಿತ್ತು. 2008ರಲ್ಲಿ ಬೆಳ್ಳುಳ್ಳಿಯ ಮೇಲೆ ಅಧ್ಯಯನ ಬಂತು. ಅಲ್ಲಿಯೂ ರಕ್ತದ ಕೊಬ್ಬಿನ ಏರುಪೇರು ತಗ್ಗಿದ್ದು ದಾಖಲಾಯಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ನಿಕಲ್ ಮತ್ತು ಉತ್ಕರ್ಷಣ ಒತ್ತಡದ ಬಗ್ಗೆ ಈ ತಂಡದ ದೀರ್ಘ ವಿಮರ್ಶಾ ಲೇಖನ ಪ್ರಕಟವಾಯಿತು.

ಇಷ್ಟು ಕೇಳಿದವರು 'ಲಿಂಬೆಹಣ್ಣು ತಿನ್ನಿ, ನಿಕಲ್ ಓಡಿಸಿ' ಎಂದು ಹೇಳಿಬಿಡುವ ಅಪಾಯವಿದೆ. ಇಲ್ಲಿಯೇ ಸ್ವಲ್ಪ ನಿಂತು ಲೆಕ್ಕ ಹಾಕಬೇಕು.

ಪ್ರಮಾಣದ ಲೆಕ್ಕ

ಈ ಪ್ರಯೋಗಗಳಲ್ಲಿ ಇಲಿಗೆ ಸಾಮಾನ್ಯವಾಗಿ ಕೊಟ್ಟದ್ದು ಪ್ರತಿ 100 ಗ್ರಾಂ ದೇಹತೂಕಕ್ಕೆ 2 ಮಿಲಿಗ್ರಾಂ ನಿಕಲ್ ಸಲ್ಫೇಟ್, ಒಂದು ದಿನ ಬಿಟ್ಟು ಒಂದು ದಿನ, 10 ಸಲ, ಹೊಟ್ಟೆಯೊಳಕ್ಕೆ ಚುಚ್ಚುಮದ್ದಿನ ಮೂಲಕ. ತೂಕದ ಲೆಕ್ಕದಲ್ಲಿ 60 ಕಿಲೋ ಮನುಷ್ಯನಿಗೆ ಅದು ಒಂದು ಸಲಕ್ಕೆ 1200 ಮಿಲಿಗ್ರಾಂ ಆಗುತ್ತದೆ. ಅದರಲ್ಲಿ ಐದನೇ ಒಂದು ಪಾಲು ಮಾತ್ರ ನಿಕಲ್ ಎಂದು ಹಿಡಿದರೂ 240 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದಂತೆ ಒಂದು ಲೀಟರ್ ನೀರಿನಲ್ಲಿ ನಿಕಲ್ 0.02 ಮಿಲಿಗ್ರಾಂ ಮೀರಬಾರದು, ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಮಿತಿಯ ಅಂಚಿನಲ್ಲಿರುವ ನೀರನ್ನು ದಿನಕ್ಕೆ 3 ಲೀಟರ್ ಕುಡಿದರೆ ದೇಹಕ್ಕೆ ಹೋಗುವುದು 0.06 ಮಿಲಿಗ್ರಾಂ. ಅಂದರೆ ಇಲಿಯ ಒಂದು ಸಲದ ಪ್ರಮಾಣ ಇದರ 4000 ಪಟ್ಟು. ಇಲಿಗೆ ಆದದ್ದೇ ಕೊಡದ ನೀರು ಕುಡಿದವರಿಗೂ ಆಗುತ್ತದೆ ಎಂದು ಹೇಳಿದರೆ ತಪ್ಪಾಗುತ್ತದೆ.

ವಿಟಮಿನ್ ಸಿ ಲೆಕ್ಕವೂ ಹಾಗೆಯೇ. ಇಲಿಗೆ ಕೊಟ್ಟದ್ದು 100 ಗ್ರಾಂ ತೂಕಕ್ಕೆ 50 ಮಿಲಿಗ್ರಾಂ. ಮನುಷ್ಯನ ತೂಕಕ್ಕೆ ಅದೇ ಲೆಕ್ಕ ಹಿಡಿದರೆ 30 ಗ್ರಾಂ ಆಗುತ್ತದೆ. ಒಂದು ಲಿಂಬೆಹಣ್ಣಿನ ರಸದಲ್ಲಿ ಇರುವುದು ಕೆಲವೇ ಹತ್ತು ಮಿಲಿಗ್ರಾಂ. ಸಾವಿರಕ್ಕೂ ಹೆಚ್ಚು ಲಿಂಬೆಹಣ್ಣು ಒಂದೇ ದಿನ ಯಾರೂ ತಿನ್ನಲಾರರು. ಅಂಗಡಿಯ ಗುಳಿಗೆಗಳನ್ನು ಮನಬಂದಂತೆ ನುಂಗಿದರೆ ಮೂತ್ರಪಿಂಡದಲ್ಲಿ ಹರಳು ಕಟ್ಟುವ ಭಯವೂ ಇದೆ.

ಹಾಗಾದರೆ ಪ್ರಯೋಗದಿಂದ ಕಲಿಯಬೇಕಾದದ್ದೇನು? ದೊಡ್ಡ ಪ್ರಮಾಣದಲ್ಲಿ ನಿಕಲ್ ದೇಹದ ಯಾವ ಅಂಗವನ್ನು, ಯಾವ ದಾರಿಯಿಂದ ಹೊಡೆಯುತ್ತದೆ ಎಂಬುದನ್ನು ಅದು ತೋರಿಸಿದೆ. ಸಣ್ಣ ಪ್ರಮಾಣ ವರ್ಷಾನುಗಟ್ಟಲೆ ಬಂದಾಗ ಯಾರ ಕಡೆ ಹೆಚ್ಚು ಗಮನ ಕೊಡಬೇಕು ಎಂಬುದಕ್ಕೆ ಅದು ದಿಕ್ಕು ತೋರುವ ಕೈಮರ.

ಯಾರಿಗೆ ಹೆಚ್ಚು ಅಪಾಯ?

ಅಮೆರಿಕದಲ್ಲಿ ಸ್ವಯಂಸೇವಕರ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಮುಖ್ಯ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಕುಡಿದ ನಿಕಲ್‌ನಲ್ಲಿ ಸರಾಸರಿ ಶೇ. 27ರಷ್ಟು ದೇಹಕ್ಕೆ ಸೇರಿತು. ಅದೇ ನಿಕಲ್ ಊಟದಲ್ಲಿ ಬೆರೆತು ಹೋದಾಗ ಸೇರಿದ್ದು ಶೇ. 1ಕ್ಕಿಂತ ಕಡಿಮೆ. ಬೇಳೆ, ಶೇಂಗಾ, ಚಹಾದಲ್ಲಿ ನಿಕಲ್ ಸಹಜವಾಗಿ ಇದೆ ಎಂದು ಕೇಳಿ ತೊಗರಿ ಬೇಳೆ ಬಿಡಬೇಕಾಗಿಲ್ಲ. ಆದರೆ ಬೆಳಗಿನ ಬರಿಹೊಟ್ಟೆಯ ನೀರು ಯಾವ ನೀರು ಎಂಬುದಕ್ಕೆ ಬೆಲೆ ಇದೆ.

ಎರಡನೆಯದು ರಕ್ತಹೀನತೆ. ಕರುಳಿನಲ್ಲಿ ಕಬ್ಬಿಣ ಒಳಗೆ ಹೋಗುವ ಬಾಗಿಲಿನಿಂದಲೇ ನಿಕಲ್ ಕೂಡ ಹೋಗುತ್ತದೆ. ಕಬ್ಬಿಣ ಕಡಿಮೆ ಇದ್ದಾಗ ದೇಹ ಆ ಬಾಗಿಲನ್ನು ಅಗಲವಾಗಿ ತೆರೆದಿಡುತ್ತದೆ. ಹೀಗಾಗಿ ರಕ್ತ ಕಡಿಮೆ ಇರುವ ಬಸುರಿ, ಬಾಣಂತಿ, ಬೆಳೆಯುವ ಹೆಣ್ಣುಮಕ್ಕಳು ಒಂದೇ ನೀರಿನಿಂದ ಹೆಚ್ಚು ನಿಕಲ್ ಹೀರಿಕೊಳ್ಳುತ್ತಾರೆ. ಲಿಂಬೆ, ಪೇರಲ, ನೆಲ್ಲಿಕಾಯಿಯ ನಿಜವಾದ ಉಪಯೋಗ ಇಲ್ಲಿದೆ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯದಲ್ಲಿರುವ ಕಬ್ಬಿಣವನ್ನು ದೇಹ ಹಿಡಿಯಲು ಊಟದ ಜೊತೆಗಿನ ವಿಟಮಿನ್ ಸಿ ನೆರವಾಗುತ್ತದೆ. ಕಬ್ಬಿಣ ತುಂಬಿದರೆ ನಿಕಲ್‌ಗೆ ಬಾಗಿಲು ಕಿರಿದಾಗುತ್ತದೆ. ಅಂಗನವಾಡಿಯ ಕಬ್ಬಿಣದ ಗುಳಿಗೆಯನ್ನು ಮೂಲೆಗೆ ಹಾಕದೆ ನುಂಗುವುದೂ ಇದೇ ಕೆಲಸ ಮಾಡುತ್ತದೆ.

ಮೂರನೆಯದು ಚರ್ಮ. ಕಡಿಮೆ ಬೆಲೆಯ ಕಿವಿಯೋಲೆ, ಕೈಗಡಿಯಾರದ ಹಿಂಬದಿ, ಪಿನ್ನುಗಳಿಂದ ಕೆಲವರಿಗೆ ತುರಿಕೆ, ಹುಣ್ಣು ಬರುತ್ತದೆ. ಅದು ಬಹಳ ಸಲ ನಿಕಲ್ ಅಲರ್ಜಿ. ಯುರೋಪಿನಲ್ಲಿ ಚರ್ಮಕ್ಕೆ ತಾಗುವ ಒಡವೆಗಳಿಂದ ಬಿಡುಗಡೆಯಾಗುವ ನಿಕಲ್‌ಗೆ 1994ರಲ್ಲಿಯೇ ಕಾನೂನಿನ ಮಿತಿ ಬಂತು.

ಪಿಂಪ್ರಿಯಿಂದ ಗಾಣಗಾಪುರದವರೆಗೆ

ಈಗ ನೀರಿನ ಪ್ರಶ್ನೆಗೆ ಬರಬೇಕು. ಪುಣೆ ಮತ್ತು ಪಿಂಪ್ರಿ-ಚಿಂಚವಾಡ ವಾಹನ ಉದ್ಯಮದ ನಾಡು. ವಾಹನದ ಬಿಡಿಭಾಗಗಳಿಗೆ ನಿಕಲ್, ಕ್ರೋಮಿಯಂ ಲೇಪನ ಕೊಡುವ ಘಟಕಗಳು ಈ ಉದ್ಯಮದ ಅಂಗ. ಆ ಭಾಗದ ಪವನಾ, ಮುಳಾ, ಮುಠಾ, ಇಂದ್ರಾಯಣಿ ನದಿಗಳೆಲ್ಲ ಕೊನೆಗೆ ಸೇರುವುದು ಭೀಮೆಯನ್ನು. ಭೀಮೆ ಉಜನಿ ಜಲಾಶಯಕ್ಕೆ ಬರುತ್ತಾಳೆ. 1980ರಲ್ಲಿ ಪೂರ್ಣಗೊಂಡ ಉಜನಿ ಸೊಲ್ಲಾಪುರ ಜಿಲ್ಲೆಯ ಕುಡಿಯುವ ನೀರಿಗೆ, ಕಬ್ಬಿಗೆ, ದಾಳಿಂಬೆಗೆ ಆಧಾರ. ಅಲ್ಲಿಂದ ಬಿಟ್ಟ ನೀರು ಪಂಢರಪುರ ದಾಟಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ ತಾಲೂಕುಗಳ ಅಂಚಿಗೆ ಬರುತ್ತದೆ. ಇಲ್ಲಿ ನದಿಯೇ ಗಡಿ. ಆಚೆ ದಂಡೆಯಲ್ಲಿ ಇಂಡಿ, ಅಫಜಲಪುರ ತಾಲೂಕುಗಳು. ಅಕ್ಕಲಕೋಟ ಊರಿನ ಹತ್ತಿರ ಹರಿಯುವ ಬೋರಿ ನದಿಯೂ ಮುಂದೆ ಭೀಮೆಗೆ ಸೇರುತ್ತದೆ. ಸ್ವಾಮಿ ಸಮರ್ಥರ ದರ್ಶನ ಮುಗಿಸಿದ ಭಕ್ತರು ಗಾಣಗಾಪುರಕ್ಕೆ ಹೋಗಿ ಮುಳುಗು ಹಾಕುವುದೂ ಇದೇ ಭೀಮೆಯ ನೀರಿನಲ್ಲಿ.

ಕಾನೂನಿನ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಾರ್ಖಾನೆಯೊಂದು ಸಂಸ್ಕರಿಸಿ ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ತನಕ ನಿಕಲ್ ಇರಲು ಪರಿಸರ ಸಂರಕ್ಷಣಾ ನಿಯಮ ಅವಕಾಶ ಕೊಡುತ್ತದೆ. ಕುಡಿಯುವ ನೀರಿನ ಮಿತಿ 0.02. ಎರಡರ ನಡುವೆ 150 ಪಟ್ಟು ಅಂತರ. ನದಿಯಲ್ಲಿ ನೀರು ಬೆರೆತು ತೆಳುವಾಗುತ್ತದೆ, ಲೋಹದ ಒಂದು ಪಾಲು ಜಲಾಶಯದ ಹೂಳಿನಲ್ಲಿ ಕೂಡುತ್ತದೆ ಎಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ಮಳೆಗಾಲದಲ್ಲಿ ಈ ನಂಬಿಕೆ ಸರಿ. ಏಪ್ರಿಲ್-ಮೇ ತಿಂಗಳಲ್ಲಿ ನದಿಯ ಪಾತ್ರ ಒಣಗಿ ಮಡುಗಳಲ್ಲಿ ಮಾತ್ರ ನೀರು ನಿಂತಾಗ, ಅದೇ ನೀರಿಗೆ ಊರಿನ ಚರಂಡಿಯೂ ಸೇರಿದಾಗ, ತೆಳುವಾಗಿಸಲು ನೀರೇ ಇರುವುದಿಲ್ಲ.

ಕಲ್ಲಿದ್ದಲಿನಲ್ಲಿಯೂ ಅಲ್ಪ ಪ್ರಮಾಣದ ನಿಕಲ್ ಇರುತ್ತದೆ, ಸುಟ್ಟ ನಂತರ ಅದು ಬೂದಿಯಲ್ಲಿ ಉಳಿಯುತ್ತದೆ. ದಕ್ಷಿಣ ಸೊಲ್ಲಾಪುರದ ಫತಾಟೆವಾಡಿಯ 1320 ಮೆಗಾವ್ಯಾಟ್ ಸ್ಥಾವರದ ಎರಡು ಘಟಕಗಳು 2017 ಮತ್ತು 2019ರಲ್ಲಿ ಉತ್ಪಾದನೆ ಆರಂಭಿಸಿದವು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸ್ಥಾವರವಿದೆ. ಇಂಥ ಯಾವುದೇ ಸ್ಥಾವರದ ಬೂದಿ ಹೊಂಡದ ಸುತ್ತಲಿನ ಬಾವಿಗಳ ನೀರನ್ನು ಲೋಹಗಳಿಗಾಗಿ ಕಾಲಕಾಲಕ್ಕೆ ಪರೀಕ್ಷಿಸುವುದು ಜಾಣತನ. ಆರೋಪ ಹೊರಿಸಲು ಈ ಪರೀಕ್ಷೆ ಬೇಕೆಂದಿಲ್ಲ, ನೆಮ್ಮದಿಗಾಗಿಯೂ ಬೇಕು.

ಎಮ್ಮೆಗೂ ಲೆಕ್ಕ ಬೇಕು

ಮನುಷ್ಯ ನಳದ ನೀರು ಕುಡಿಯುತ್ತಾನೆ. ಪಂಢರಪುರಿ ಎಮ್ಮೆ, ಖಿಲಾರಿ ಎತ್ತು, ಆಡು, ಕುರಿಗಳು ನದಿಗೆ, ಹಳ್ಳಕ್ಕೆ ನೇರವಾಗಿ ಬಾಯಿ ಹಾಕುತ್ತವೆ. ಬೇಸಿಗೆಯಲ್ಲಿ ಹಾಲು ಕೊಡುವ ಎಮ್ಮೆಗೆ ದಿನಕ್ಕೆ 50 ಲೀಟರಿಗೂ ಹೆಚ್ಚು ನೀರು ಬೇಕು. ನೀರಿನಲ್ಲಿ ಏನಾದರೂ ಇದ್ದರೆ ಮೊದಲ ಪಾಲು ಅದಕ್ಕೇ.

ದನಕರುಗಳ ವಿಷಯದಲ್ಲಿ ನಿಕಲ್‌ಗೆ ಇನ್ನೊಂದು ಮುಖವೂ ಇದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಯೂರಿಯಾವನ್ನು ಒಡೆಯಲು ಯೂರಿಯೇಸ್ ಎಂಬ ಕಿಣ್ವ ಬೇಕು. ಆ ಕಿಣ್ವಕ್ಕೆ ಅತಿ ಸಣ್ಣ ಪ್ರಮಾಣದಲ್ಲಿ ನಿಕಲ್ ಬೇಕು. ಯೂರಿಯಾ ಬೆರೆಸಿ ಹದ ಮಾಡಿದ ಮೇವು ಎಮ್ಮೆಗೆ ಜೀರ್ಣವಾಗುವುದರ ಹಿಂದೆ ಈ ಲೋಹದ ಕೈಯೂ ಇದೆ. ಸಾಮಾನ್ಯ ಮೇವಿನಲ್ಲಿಯೇ ಅಷ್ಟು ನಿಕಲ್ ಸಿಗುತ್ತದೆ. ಅದನ್ನು ಮೀರಿ ಬಂದ ನಿಕಲ್ ಬಹುಪಾಲು ಸಗಣಿ, ಮೂತ್ರದಲ್ಲಿ ಹೊರಹೋಗುತ್ತದೆ. ಹೀರಿಕೊಂಡ ಭಾಗಕ್ಕೆ ಮುಖ್ಯ ದಾರಿ ಮೂತ್ರಪಿಂಡ, ಆದ್ದರಿಂದ ಹೊರೆ ಬೀಳುವುದೂ ಅದರ ಮೇಲೆಯೇ. ಹಾಲಿಗೆ ಹೋಗುವ ಪಾಲು ಬಹಳ ಕಡಿಮೆ. ಹಾಲು ಮಾರುವವರು ಹೆದರುವ ಕಾರಣವಿಲ್ಲ, ಆದರೆ ಚರಂಡಿ ನೀರು ನಿಂತ ಮಡುವಿಗೆ ದನ ಬಿಡದಿರುವುದು ಒಳ್ಳೆಯದು.

ಪರೀಕ್ಷೆ ಎಲ್ಲಿ, ಹೇಗೆ?

ಜಲಜೀವನ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಬಂದ ಪರೀಕ್ಷಾ ಪೆಟ್ಟಿಗೆಗಳಿಂದ ನೀರಿನ ಗಡಸುತನ, ಫ್ಲೋರೈಡ್, ನೈಟ್ರೇಟ್, ಕ್ಲೋರಿನ್, ಕಬ್ಬಿಣ ಮುಂತಾದವನ್ನು ನೋಡಬಹುದು. ನಿಕಲ್ ಅದರಲ್ಲಿ ಕಾಣುವುದಿಲ್ಲ. ಲೀಟರಿಗೆ 0.02 ಮಿಲಿಗ್ರಾಂನಷ್ಟು ಸೂಕ್ಷ್ಮ ಪ್ರಮಾಣ ಅಳೆಯಲು ದೊಡ್ಡ ಪ್ರಯೋಗಾಲಯದ ಯಂತ್ರವೇ ಬೇಕು. ಆದ್ದರಿಂದ 'ನೀರು ಪಾಸ್ ಆಗಿದೆ' ಎಂಬ ಪಂಚಾಯಿತಿ ಫಲಕ ಓದಿದವರು, ಯಾವ ಯಾವ ಅಂಶಕ್ಕೆ ಪಾಸ್ ಎಂದು ಕೇಳಬೇಕು.

ಗ್ರಾಮಸಭೆಯಲ್ಲಿ ಠರಾವು ಮಾಡಿ, ನಿಕಲ್, ಕ್ರೋಮಿಯಂ, ಸೀಸಗಳ ಹೆಸರನ್ನು ಸ್ಪಷ್ಟವಾಗಿ ಬರೆದು, ಮಹಾರಾಷ್ಟ್ರದ ಭೂಜಲ ಸರ್ವೇಕ್ಷಣ ಯಂತ್ರಣೆಯ ಪ್ರಯೋಗಾಲಯದ ಮೂಲಕ ಪರೀಕ್ಷೆ ಕೇಳಬಹುದು. ಮಾದರಿ ತೆಗೆಯಲು ಸರಿಯಾದ ಕಾಲ ಮೇ ತಿಂಗಳು. ಮಳೆ ಬಂದ ಮೇಲೆ ತೆಗೆದ ಮಾದರಿ ಬೇಸಿಗೆಯ ಸತ್ಯ ಹೇಳುವುದಿಲ್ಲ. ನದಿಯ ಅಂಕಿಗಳು ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳ ಕೆಲಸ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅವನ್ನು ಕೇಳುವ ಅಧಿಕಾರ ಈಚೆ ದಂಡೆಯವರಿಗೂ ಇದೆ, ಆಚೆ ದಂಡೆಯವರಿಗೂ ಇದೆ. ಒಂದೇ ವಾರದಲ್ಲಿ ಎರಡೂ ದಂಡೆಗಳಿಂದ ಮಾದರಿ ತೆಗೆದು, ಫಲಿತಾಂಶವನ್ನು ಕನ್ನಡ-ಮರಾಠಿ ಎರಡರಲ್ಲಿಯೂ ಪಂಚಾಯಿತಿ ಗೋಡೆಗೆ ಹಚ್ಚಿದರೆ ಅದು ಗಡಿಭಾಗಕ್ಕೆ ನಿಜವಾದ ಉಪಕಾರ.

ಮನೆಯ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳು ಚಿಕ್ಕವು. ಹುಣಸೆಹುಳಿ, ಟೊಮ್ಯಾಟೊ ಹಾಕಿದ ಸಾರನ್ನು ಹೊಚ್ಚಹೊಸ ಸ್ಟೀಲ್ ಪಾತ್ರೆಯಲ್ಲಿ ತಾಸುಗಟ್ಟಲೆ ಕುದಿಸಬಾರದು, ರಾತ್ರಿಯಿಡೀ ಇಡಬಾರದು. ಕೆಲವು ಸಲ ಬಳಸಿದ ಮೇಲೆ ಪಾತ್ರೆಯಿಂದ ನಿಕಲ್ ಬಿಡುವುದು ಕಡಿಮೆಯಾಗುತ್ತದೆ. ಬಹಳ ದಿನ ಬಳಸದ ನಳದ ಮೊದಲ ನೀರನ್ನು ಕುಡಿಯಲು ಹಿಡಿಯಬಾರದು. ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತವೆ, ಲೋಹ ಹೋಗುವುದಿಲ್ಲ. ಬೀಡಿ ಬಿಟ್ಟರೆ ಶ್ವಾಸಕೋಶಕ್ಕೆ ಆಗುವ ಹತ್ತು ಉಪಕಾರಗಳಲ್ಲಿ ನಿಕಲ್ ತಪ್ಪುವುದೂ ಒಂದು.

ವಿಜಯಪುರದ ಪ್ರಯೋಗಾಲಯ ತನ್ನ ಪಾಲಿನ ಕೆಲಸ ಮಾಡಿದೆ: ಪ್ರಾಣಿಯ ದೇಹದಲ್ಲಿ ನಿಕಲ್ ಏನು ಮಾಡಬಲ್ಲದು ಎಂದು ತೋರಿಸಿಕೊಟ್ಟಿದೆ. ಭೀಮೆಯ ನೀರಿನಲ್ಲಿ ಬೇಸಿಗೆಯ ದಿನ ಅದು ಎಷ್ಟಿದೆ ಎಂಬುದನ್ನು ಇಲಿಗಳು ಹೇಳಲಾರವು. ಅದನ್ನು ಅಳೆದು ಹೇಳಬೇಕಾದವರು ಎರಡೂ ಸರಕಾರಗಳು, ಕೇಳಬೇಕಾದವರು ಎರಡೂ ದಂಡೆಯ ಜನ. ಮುಂದಿನ ಮೇ ತಿಂಗಳಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೂ ಸಾಕು, ಕೆಲಸ ಶುರುವಾದಂತೆ.